ಹಿಂದಿನ ಸೀಟಿನ ಡ್ರೈವರ್

ರಸ್ತೆಯ ಉದ್ದಕ್ಕೂ ರಾಗಿ ತೆನೆ ಹರಡಿರುವುದನ್ನು ಕಂಡು ಪೀಟರ್ ಗಕ್ಕನೆ ಬ್ರೇಕ್ ತುಳಿದ. ಹಿಂದಿನ ಸೀಟಿನಲ್ಲಿದ್ದ ಮಂಜುನಾಥನ ಹಣೆ ಮುಂದಿನ ಸೀಟಿಗೆ ಬಡಿಯಿತು. ತಲೆಯೆತ್ತಿ ನೋಡಿದರೆ, ಕೆ. ಹೊಸಕೋಟೆ ರಸ್ತೆಯಲ್ಲಿ ಅಷ್ಟೊಂದು ಮನೆಗಳಿದ್ದರೂ ಕಾರು ನಿಂತಿದ್ದು ದ್ಯಾವಯ್ಯನ ಮನೆಯ ಮುಂದೆಯೇ. ಎರಡು ತಿಂಗಳ ಹಿಂದೆ ಮಂಜುನಾಥ ಇದೇ ಮನೆಗೆ ಹೆಣ್ಣು ನೋಡಲು ಬಂದಿದ್ದ. ಹುಡುಗಿ ಗಂಗಾಮಣಿ ಒಪ್ಪಿದ್ದಳು, ಅವಳ ಅವ್ವನೂ ಒಪ್ಪಿದ್ದಳು. ಸ್ಟೇರಿಂಗ್ ತಿರುಗಿಸುವವನಿಗೆ ಮಗಳನ್ನು ಕೊಡುವುದಿಲ್ಲ ಎಂದು ದ್ಯಾವಯ್ಯ ಒಂದೇ ಮಾತಿಗೆ ತಳ್ಳಿಹಾಕಿದ್ದ. ಅಂದಿನಿಂದ ಮಂಜುನಾಥನಿಗೆ ಉಂಡ ಅನ್ನ ಮೈಗೆ ಹತ್ತಿರಲಿಲ್ಲ. ಈ ಕಡೆಗೆ ಬಾಡಿಗೆ ಬಂದರೆ ಏನಾದರೊಂದು ನೆಪ ಹೇಳಿ ತಪ್ಪಿಸಿಕೊಳ್ಳುತ್ತಿದ್ದ.

ಇವತ್ತು ತಪ್ಪಿಸಿಕೊಳ್ಳಲು ಕಾರು ಅವನ ಕೈಯಲ್ಲಿರಲಿಲ್ಲ. ಪೀಟರ್ ಹಾಲೆಂಡಿನವನು, ಊರು ನೋಡಲು ಬಂದವನು. ಬಾಳ್ಳುಪೇಟೆಯ ಪರಮಶಿವಯ್ಯನವರ ಅಂಬಾಸಿಡರನ್ನು ಬಾಡಿಗೆಗೆ ಹಿಡಿದು, ತಮ್ಮ ಕಡೆಯೆಲ್ಲ ಹೀಗೇ, ಕಾರನ್ನು ತಾನೇ ಓಡಿಸುತ್ತೇನೆ ಎಂದು ಪಟ್ಟು ಹಿಡಿದಿದ್ದ. ಡ್ರೈವರ್ ಇಲ್ಲದೆ ಕಾರು ಕೊಡುವುದೆಂದರೆ ಪರಮಶಿವಯ್ಯನವರಿಗೆ ಮದುಮಗಳನ್ನು ಒಂಟಿಯಾಗಿ ಗಂಡನ ಮನೆಗೆ ಕಳಿಸಿದಂತೆ. ಕೊನೆಗೆ ರಾಜಿಯಾಯಿತು: ಪೀಟರ್ ಓಡಿಸಲಿ, ಕಾರಿನ ಡ್ರೈವರ್ ಮಂಜುನಾಥ ಕಾವಲಿಗಿರಲಿ. ಮುಂದಿನ ಸೀಟನ್ನು ಪೀಟರನ ಮ್ಯಾಪು, ಕ್ಯಾಮೆರಾ, ಒಂದು ಚಿಪ್ಪು ಬಾಳೆಹಣ್ಣು ಹಿಡಿದುಕೊಂಡಿದ್ದರಿಂದ ಮಂಜುನಾಥ ಹಿಂದೆ ಕೂತ. ಅವರೂರಿನ ಕಾರುಗಳಿಗೆ ಸ್ಟೇರಿಂಗ್ ಎಡಗಡೆಗಂತೆ. ಗೇರು ಹಾಕಲು ಹೋದಾಗಲೆಲ್ಲ ಪೀಟರನ ಬಲಗೈ ಬಾಗಿಲಿಗೆ ಬಡಿಯುತ್ತಿತ್ತು. ಹಾರ್ನ್ ಒತ್ತುವುದೆಂದರೆ ಎದುರಿನವನನ್ನು ಬೈದಂತೆ ಎಂದು ಅದರ ತಂಟೆಗೇ ಹೋಗುತ್ತಿರಲಿಲ್ಲ. ತಿರುವು ಬಂದಾಗಲೆಲ್ಲ ಕಿಟಕಿಯಿಂದ ಕೈ ಹಾಕಿ ಬಾಗಿಲು ತಟ್ಟೀ ತಟ್ಟೀ ಮಂಜುನಾಥನ ಅಂಗೈ ಕೆಂಪಾಗಿತ್ತು.

ಪೀಟರ್ ಈಗ ಕೆಳಗಿಳಿದು ತೆನೆ ತೋರಿಸಿದ, ಬಾಯಿ ತೋರಿಸಿದ, ಚಕ್ರ ತೋರಿಸಿ ಜೋರಾಗಿ ತಲೆಯಾಡಿಸಿದ. ತಿನ್ನುವ ಅನ್ನವನ್ನು ತುಳಿಯಲಾರೆ ಎಂಬುದು ಮಂಜುನಾಥನಿಗೆ ಅರ್ಥವಾಯಿತು. ತುಳಿಯಲಿ ಎಂದೇ ಹರಡಿದ್ದಾರೆ, ಚಕ್ರ ಹತ್ತಿದಷ್ಟೂ ಕಾಳು ಉದುರುತ್ತದೆ, ಇಲ್ಲಿ ಒಕ್ಕಣೆಯೆಂದರೆ ಇದೇ ಎಂದು ತಿಳಿಸಿ ಹೇಳುವುದಕ್ಕೆ ಅವನ ಇಂಗ್ಲಿಷು ಸಾಲದು. ಅವನಲ್ಲಿ ಇದ್ದದ್ದು ಲೆಫ್ಟು, ರೈಟು, ಸ್ಲೋ. ಅಷ್ಟರಲ್ಲಿ ರಾಗಿ ತುಳಿಯದೆ ನಿಂತ ಕಾರಿನವನಿಗೆ ಬೈಯಲೆಂದು ದ್ಯಾವಯ್ಯ ಪಂಚೆ ಎತ್ತಿ ಕಟ್ಟಿಕೊಂಡು ಬಂದ. ಡ್ರೈವರ್ ಬಾಗಿಲ ಬಳಿ ಬಿಳಿಯ ಮನುಷ್ಯ, ಹಿಂದಿನ ಸೀಟಿನಲ್ಲಿ ಮಂಜುನಾಥ. ಬೈಗುಳ ಗಂಟಲಲ್ಲೇ ಉಳಿಯಿತು.

“ಏನ್ ಮಂಜಣ್ಣ, ಕಾರ್ ತಗಂಡ್ಬುಟ್ರಾ? ಇಂಥೋರ್ನ ಡ್ರೈವರ್ ಇಟ್ಕಂಡು?”

ಎರಡು ತಿಂಗಳಲ್ಲಿ ‘ನೀನು’ ಹೋಗಿ ‘ನೀವು’ ಆಗಿತ್ತು. ನಿಜ ಹೇಳಬೇಕೆಂದು ಮಂಜುನಾಥ ಬಾಯಿ ತೆರೆದ. ಜಗಲಿಯ ಮೇಲೆ ಗಂಗಾಮಣಿ ನಿಂತಿರುವುದು ಕಾಣಿಸಿತು. “ಇವತ್ತು ಅವರೇ ಓಡಿಸ್ತಾವ್ರೆ,” ಎಂದುಬಿಟ್ಟ. ಅದರಲ್ಲಿ ಸುಳ್ಳೇನೂ ಇರಲಿಲ್ಲ.

ದ್ಯಾವಯ್ಯ ಒಂದು ತೆನೆಯನ್ನು ಹಿಮ್ಮಡಿಯಲ್ಲಿ ಹೊಸಕಿ, ಉದುರಿದ ಕಾಳನ್ನು ಅಂಗೈಯಲ್ಲಿಟ್ಟು ತೋರಿಸಿದ ಮೇಲೆ ಪೀಟರನ ಮುಖ ಅರಳಿತು. ಹೋಗಿ ಕೂತವನು ಕಾರನ್ನು ಮುಂದಕ್ಕೆ ಬಿಟ್ಟ, ರಿವರ್ಸ್ ತಂದ, ಮತ್ತೆ ಮುಂದಕ್ಕೆ ಬಿಟ್ಟ. ಹತ್ತಾಯಿತು, ಇಪ್ಪತ್ತಾಯಿತು. ಮಧ್ಯೆ ಇಳಿದು ಹುಲ್ಲನ್ನು ತಾನೇ ತಿರುವಿ ಹಾಕಿ, ಫೋಟೋ ಹೊಡೆದುಕೊಂಡು, ಮತ್ತೆ ಹತ್ತಿ ಕೂತ. ಬೇರೆ ಡ್ರೈವರುಗಳು ಒಂದು ಸಲ ತುಳಿದುಕೊಂಡು ಹೋದರೆ ಹೆಚ್ಚು, ಅದಕ್ಕೂ ಗೊಣಗುತ್ತಿದ್ದರು. ಇಂಥ ಕೆಲಸಗಾರನನ್ನು ದ್ಯಾವಯ್ಯ ಹುಟ್ಟಿದಾಗಿನಿಂದ ಕಂಡಿರಲಿಲ್ಲ.

ಜಗಲಿಯಲ್ಲಿ ಮಂಜುನಾಥನಿಗೆ ಕುರ್ಚಿ ಬಂತು, ತಟ್ಟೆಯಲ್ಲಿ ಕೋಡುಬಳೆ ಬಂತು. ಕಾಫಿಯನ್ನು ಗಂಗಾಮಣಿಯೇ ತಂದಳು. ಅವಳ ಮುಖ ನೋಡಲು ಅವನಿಗೆ ನಾಚಿಕೆಯಾಯಿತು. ನಿಜ ಹೇಳಿದರೆ ಕುರ್ಚಿ ಹೋಗುತ್ತದೆ, ಹೇಳದಿದ್ದರೆ ನಿದ್ದೆ ಹೋಗುತ್ತದೆ. ಅವಳು ಒಳಗೆ ಹೋದ ಮೇಲೆ ದ್ಯಾವಯ್ಯ ಹತ್ತಿರ ಸರಿದು ಕೂತು ದನಿ ತಗ್ಗಿಸಿದ.

“ಅವತ್ತು ನಾನು ಅಂದಿದ್ದು ತಪ್ಪಾಯ್ತು ಕಣ್ರೀ. ಸ್ಟೇರಿಂಗ್ ತಿರುಗ್ಸೋ ಕೆಲ್ಸ ಅಂತ ಸದರ ಮಾಡ್ಬುಟ್ಟೆ. ಡ್ರೈವರ್ ಆದ್ರೇನು, ಮೈಗಳ್ಳ ಅಲ್ದಿದ್ರೆ ಹೆಣ್ಣು ಕೊಡ್ಬೋದು. ಏನಂತೀರಿ?”

ಮಂಜುನಾಥ ಕುರ್ಚಿಯ ತುದಿಗೆ ಸರಿದ. ಧಾರಾಳವಾಗಿ ಕೊಡಬಹುದು ಎಂದ.

“ಹಂಗಾದ್ರೆ ಕೇಳೇ ಬುಡ್ತೀನಿ,” ಎಂದು ದ್ಯಾವಯ್ಯ ರಸ್ತೆಯ ಕಡೆ ಕಣ್ಣು ಹಾಯಿಸಿದ. “ನಿಮ್ಮ ಡ್ರೈವರ್‌ಗೆ ಮದ್ವೆ ಆಗೈತಾ?”

ಪೀಟರನಿಗೆ ಮದುವೆಯಾಗಿರಲಿಲ್ಲ. ಬೆಳಿಗ್ಗೆ ಬಾಳ್ಳುಪೇಟೆ ದಾಟುವುದರೊಳಗೇ ಆ ವಿಚಾರ ಕೈಸನ್ನೆಯಲ್ಲಿ ಮುಗಿದಿತ್ತು. ಒಳಗೆ, ಬಾಗಿಲ ಮರೆಯಲ್ಲಿ, ಬಳೆಯ ಸದ್ದು ನಿಂತಿತು. ಮಂಜುನಾಥ ಲೋಟ ಕೆಳಗಿಟ್ಟು ಕುರ್ಚಿಯಿಂದ ಎದ್ದ.

“ಅವ್ರಿಗೆ ಆಗೈತೆ ಗೌಡ್ರೇ, ಮೂರು ಮಕ್ಳು,” ಎಂದ. “ಈ ಕಾರಲ್ಲಿ ಮದ್ವೆ ಆಗ್ದಿರೋ ಡ್ರೈವರ್ ಅಂದ್ರೆ ನಾನೊಬ್ನೇ.”