ನೀಲಿ ಬಟ್ಟೆಯ ಕಡಲು

ಪರದೆ ಸರಿದಾಗ ರಂಗದ ತುಂಬ ನೀಲಿ ಬಟ್ಟೆಯ ಕಡಲು. ಒಂದು ಅಂಚು ಅದನ್ನು ಹೊಲಿದ ಅತ್ತಿಗೆಯ ಕೈಯಲ್ಲಿ, ಎದುರಿನ ಅಂಚು ನಾದಿನಿಯ ಕೈಯಲ್ಲಿ. ತಾಲೀಮಿನುದ್ದಕ್ಕೂ ಇಬ್ಬರದೂ ಜಗ್ಗಾಟವೇ.

“ಸ್ವಲ್ಪ ಸಡಿಲ ಬಿಡಿ ಅತ್ತಿಗೆ.”

“ನೀನೇ ಬಿಡು. ಹೊಲಿದವಳು ನಾನು.”

ಹೀಗಾಗಿ ಬಟ್ಟೆ ಹಲಗೆಯಂತೆ ಬಿಗಿದು, ನಡುವಿನ ಕಾಗದದ ದೋಣಿ ಒಮ್ಮೆಯೂ ಅಲುಗಿರಲಿಲ್ಲ.

ಇವತ್ತೂ ಹಾಗೇ ಜಗ್ಗುವಾಗ ಹೊಲಿಗೆ ಚಿರ್ರೆಂದದ್ದು ಅತ್ತಿಗೆಗೆ ಕೇಳಿಸಿತು. ಎಲ್ಲಿ ಹರಿದೀತೋ ಎಂದು ಅವಳು ಕೈ ಇಳಿಸಿದಳು. ಆಗ ನಾದಿನಿಯ ಕಡೆಯಿಂದ ಉಬ್ಬೊಂದು ಎದ್ದು, ನಿದ್ದೆಯಲ್ಲಿ ನಡೆದಂತೆ ತೇಲಿ ಬಂದು, ಅವಳ ಮಣಿಕಟ್ಟನ್ನು ಮುಟ್ಟಿತು. ಅವಳು ಅದನ್ನು ಮೆಲ್ಲಗೆ ಎತ್ತಿ ವಾಪಸು ಕಳಿಸಿದಳು. ಈ ಸಲ ನಾದಿನಿ ಕೈ ಇಳಿಸಿ ಕಾದಳು. ದೋಣಿ ತೂಗಿತು.

ಮುಂದಿನ ಸಾಲಿನ ಅಜ್ಜಿಯೊಬ್ಬರು ಚಪ್ಪಲಿ ಕೈಗೆತ್ತಿಕೊಂಡು, ಕಾಲೆರಡನ್ನೂ ಕುರ್ಚಿಯ ಮೇಲೆ ಎಳೆದುಕೊಂಡರು.