ಜೊತೆಗಾರನಿಗೆ ಬಂದ ಮೇಲ್

ಮೊದಲ ತಿರುವಿನಲ್ಲೇ ಗಾಲಿಕುರ್ಚಿಯ ಮುಂದಿನ ಚಕ್ರಗಳೆರಡೂ ದಾರಿಗೆ ಹರಡಿದ್ದ ಮರದ ಚೂರಿನಲ್ಲಿ ಹೂತುಹೋದವು. ಗುಡ್ಡದ ಮೇಲಿನ ವೇದಿಕೆಯಲ್ಲಿ ಎರಡು ಗಂಟೆಗೆ ಮಗಳು ಅನ್ವಿತಾ ಶಾಲೆಯ ಮಕ್ಕಳ ಜೊತೆ ಕೊಳಲು ನುಡಿಸುವವಳಿದ್ದಳು. ಈಗ ಒಂದೂ ಮುಕ್ಕಾಲು. ಹಿಂದಿನಿಂದ ಜಯಕರ ಏದುಸಿರು ಬಿಡುತ್ತ ತಳ್ಳುತ್ತಿದ್ದ. ತಳ್ಳಿದಷ್ಟೂ ಚಕ್ರ ಕೆಳಗೇ ಇಳಿಯುತ್ತಿತ್ತು.

"ಇಡೀ ದೇಶ ದೋಸೆಕಾವಲಿಯ ಹಾಗೆ ಚಪ್ಪಟೆ ಉಂಟು," ಕುರ್ಚಿಯಲ್ಲಿದ್ದ ಹರಿಣಾಕ್ಷಿ ಗಂಡನ ಕಡೆ ಕತ್ತು ತಿರುಗಿಸಿದಳು. "ಹುಡುಕಿ ಹುಡುಕಿ ಇದ್ದ ಒಂದು ಗುಡ್ಡದ ಮೇಲೆಯೇ ಮಾಡ್ಬೇಕಾ ಇವರಿಗೆ ಉತ್ಸವ? ವೆಬ್‌ಸೈಟಿನಲ್ಲಿ ಗಾಲಿಕುರ್ಚಿಯ ಚಿತ್ರ ಬೇರೆ ಹಾಕಿದ್ದಾರೆ, ನಾಚಿಕೆ ಇಲ್ಲದವರು!"

"ಮೆಲ್ಲ ಮಾತಾಡು ಮಾರಾಯ್ತಿ, ಜನ ನೋಡ್ತಾರೆ. ಸ್ವಲ್ಪ ಅಡ್ಜಸ್ಟ್ ಮಾಡುವ."

ಜನ ಆಗಲೇ ನೋಡುತ್ತಿದ್ದರು. ನೆದರ್ಲೆಂಡ್ಸಿನ ನೈಮೆಗನ್ ಪಟ್ಟಣದ ಸುತ್ತಮುತ್ತಲಿನವರೆಲ್ಲ ಉತ್ಸವಕ್ಕೆಂದು ಐನೂರು ವರ್ಷ ಹಿಂದಿನ ವೇಷ ಹಾಕಿಕೊಂಡು, ನೆಲ ಗುಡಿಸುವ ಲಂಗ, ಗರಿ ಸಿಕ್ಕಿಸಿದ ಟೊಪ್ಪಿಗಳಲ್ಲಿ, ಇವರಿಬ್ಬರನ್ನು ಬಳಸಿಕೊಂಡು ಮೇಲೆ ಹೋಗುತ್ತಿದ್ದರು. ಒಬ್ಬಳು ಹರಿಣಾಕ್ಷಿಗೆ ಹೆಬ್ಬೆರಳು ಎತ್ತಿ ತೋರಿಸಿ ನಕ್ಕಳು. ಹೂತು ಕೂತವಳಿಗೆ ಶಾಬಾಸ್‌ಗಿರಿ! ಅದರ ಬದಲು ಕೈ ಕೊಟ್ಟು ಒಂದು ಚಕ್ರ ಎತ್ತಿದ್ದರೆ ಇವಳ ಗಂಟೇನು ಹೋಗುತ್ತಿತ್ತು?

ಅಷ್ಟರಲ್ಲಿ ಭರ್ಜಿ ಹಿಡಿದ ಕಾವಲುಗಾರನೊಬ್ಬ ಬಂದ. ಕವಚದ ಮೇಲೆ ಸ್ವಯಂಸೇವಕನ ಬಿಲ್ಲೆ. ಅವನು ಹರಿಣಾಕ್ಷಿಯ ತಲೆಯ ಮೇಲಿಂದ ಜಯಕರನನ್ನು ಕೇಳಿದ, "ಇವರು ಮೇಲೆ ಹೋಗಬೇಕೇ?"

"ಇವರಿಗೆ ಬಾಯಿ ಇದೆ," ಹರಿಣಾಕ್ಷಿ ಡಚ್ಚಿನಲ್ಲೇ ತಿರುಗಿಸಿ ಕೊಟ್ಟಳು. "ಹೋಗಬೇಕು, ಈಗಲೇ. ಮೇಲಿನ ಅಂಗಡಿಗೆ ಬಿಯರ್ ಹೇಗೆ ಹೋಗುತ್ತದೆ? ಈ ಚೂರಿನ ಮೇಲೆ ಉರುಳಿಸುತ್ತೀರಾ?"

ಹಿಂದುಗಡೆ ಡಾಂಬರು ರಸ್ತೆ ಇದೆ ಎಂದು ಅವನು ಆರಾಮವಾಗಿ ಒಪ್ಪಿಕೊಂಡ. ಸಾಮಾನಿನ ಟ್ರ್ಯಾಕ್ಟರಿಗೂ, ಗಾಲಿಕುರ್ಚಿಯವರ ವ್ಯಾನಿಗೂ ಅದೇ ದಾರಿ. ಆದರೆ ವ್ಯಾನು ಬೇಕೆಂದು ಮೊದಲೇ ತಿಳಿಸಿದವರಿಗೆ ಮಾತ್ರ, ಅದು ಒಂದು ಗಂಟೆಗೇ ಹೋಗಿಯಾಗಿದೆ. "ನಾವು ಎಲ್ಲರಿಗೂ ಮೇಲ್ ಕಳಿಸಿದ್ದೇವಲ್ಲ," ಎಂದು ಕವಚದೊಳಗಿಂದ ಫೋನು ತೆಗೆದ.

"ಟಿಕೆಟ್ ನನ್ನ ಹೆಸರಿನಲ್ಲಿದೆ. ನನಗೆ ಯಾವ ಮೇಲ್ ಕೂಡ ಬಂದಿಲ್ಲ."

"ಮೇಲ್ ಹೋಗುವುದು ಜೊತೆಗಾರರಿಗೆ. ನಮ್ಮಲ್ಲಿ ಯಾವಾಗಲೂ ಹಾಗೆಯೇ." ಅವನು ಅವಳ ಟಿಕೆಟ್ಟಿನ ನಂಬರು ಒತ್ತಿ ಫೋನನ್ನು ಅವಳ ಮುಂದೆ ಹಿಡಿದ. ವ್ಯಾನು ಬೇಕೇ ಎಂದು ಕೇಳಿದ್ದಕ್ಕೆ ಜಯಕರನ ಉತ್ತರವಿತ್ತು: ತುಂಬಾ ಧನ್ಯವಾದ, ಬೇಡ, ನಮಗೋಸ್ಕರ ತೊಂದರೆ ತೆಗೆದುಕೊಳ್ಳಬೇಡಿ.

ಹರಿಣಾಕ್ಷಿ ಎರಡು ಸಲ ಓದಿದಳು. "ಇದೆಂತ ಇದು?"

"ಅಲ್ಲ, ಒಂದೇ ಸಲಕ್ಕೆ ಹೂಂ ಅಂತ ಹೇಳುದು ಹೇಗೆ..." ಜಯಕರ ಕತ್ತು ಕೆರೆದುಕೊಂಡ. "ಇನ್ನೊಮ್ಮೆ ಕೇಳ್ತಾರೆ ಅಂತ ಗ್ರಹಿಸಿದೆ. ಊರಲ್ಲಿ ಕಾಫಿ ಕುಡಿತೀರಾ ಅಂತ ಕೇಳಿದ್ರೆ ಮೊದಲು ಬೇಡ ಅಂತಲೇ ಅಲ್ವಾ ನಾವು ಹೇಳುದು?"

"ಊರಲ್ಲಿ ಮೂರು ಸಲ ಒತ್ತಾಯ ಮಾಡ್ತಾರೆ. ಇಲ್ಲಿ ಬೇಡ ಅಂದ್ರೆ ಕಪ್ಪು ಎತ್ತಿ ಒಳಗಿಡ್ತಾರೆ. ಹದಿನಾಲ್ಕು ವರ್ಷ ಆಯ್ತು ಬಂದು, ಗೊತ್ತಿಲ್ವಾ ನಿಮಗೆ? ಆ ಕಾಫಿ ಸಾಯ್ಲಿ. ವ್ಯಾನು ಬೇಕಾದ್ದು ನನಗೆ. ನನ್ನ ಹತ್ರ ಒಂದು ಮಾತು ಕೇಳ್ಲಿಕ್ಕೆ ಎಂತ ರೋಗ ನಿಮಗೆ?"

"ನಿನ್ನ ಹತ್ರ ಕೇಳಿದ್ರೆ ನೀನು ಕೂಡ್ಲೆ ಬೇಕು ಅಂತಿದ್ದಿ. ಅದು ಚಂದ ಕಾಣುದಿಲ್ಲ ಅಂತ..."

ಹರಿಣಾಕ್ಷಿಗೆ ಮೈಯೆಲ್ಲ ಉರಿದುಹೋಯಿತು. ಎರಡು ತಿಂಗಳಿಂದ ಆ ಮಗು ಒಂದೇ ರಾಗವನ್ನು ಊದಿ ಊದಿ ಮನೆಯವರ ತಲೆ ತಿಂದಿತ್ತು. ಬೆಳಿಗ್ಗೆ ಬಸ್ಸು ಹತ್ತುವಾಗಲೂ, "ಅಮ್ಮಾ, ಫ್ರಂಟ್ ರೋ, ಪ್ರಾಮಿಸ್? ನೀನು ಕಾಣದಿದ್ರೆ ನಂಗೆ ಎಲ್ಲಾ ಮರ್ತೋಗತ್ತೆ," ಎಂದಿತ್ತು. ಮಗಳಿಗೆ ಕೊಟ್ಟ ಮಾತನ್ನು ಈ ಮನುಷ್ಯ ತನ್ನ ಮರ್ಯಾದೆಗೋಸ್ಕರ ಮಾರಿಬಿಟ್ಟಿದ್ದ. ತನ್ನನ್ನು ಬಿಟ್ಟು ಇವನನ್ನು ಕೇಳಿದವರಿಗೂ ಬುದ್ಧಿ ಇರಲಿಲ್ಲ.

ಕಾವಲುಗಾರನಿಗೆ ಪಾಪ ಅನ್ನಿಸಿರಬೇಕು. ಮತ್ತೆ ಜಯಕರನನ್ನೇ ಕೇಳಿದ, "ಸೈನಿಕರ ವೇಷದ ನಾಲ್ವರನ್ನು ಕರೆಯಲೇ? ಎತ್ತಿಕೊಂಡು ಹೋಗುತ್ತಾರೆ. ಫೋಟೋಗೂ ಚೆನ್ನಾಗಿರುತ್ತದೆ."

"ಅಯ್ಯೋ ಬೇಡ ಬೇಡ, ನಿಮಗೆ ಯಾಕೆ..."

"ಸರಿ," ಎಂದು ಅವನು ಹೊರಟೇಬಿಟ್ಟ.

"ನಿಲ್ಲಿ!" ಹರಿಣಾಕ್ಷಿ ಕೂಗಿದ ರಭಸಕ್ಕೆ ಗರಿಯ ಟೊಪ್ಪಿಗಳೆಲ್ಲ ಒಮ್ಮೆಲೇ ತಿರುಗಿದವು. "ಯಾರ ಫೋಟೋಗೂ ನಾನು ಬಂದಿಲ್ಲ. ನನ್ನನ್ನು ಎತ್ತುವುದು ಬೇಡ. ಈ ಕುರ್ಚಿಯನ್ನು ಹಿಂದಕ್ಕೆ ಎಳೆಯಿರಿ, ಆ ರಸ್ತೆಗೆ ಬಿಡಿ. ಇನ್ನು ಏನು ಕೇಳುವುದಿದ್ದರೂ ನನ್ನನ್ನು ಕೇಳಿ."

ಇಬ್ಬರೂ ಸೇರಿ ಎಳೆದರು. ಹಿಂದುಗಡೆ ಟ್ರ್ಯಾಕ್ಟರು ನಿಂತಿತ್ತು. ದಪ್ಪ ತೋಳಿನ ಹೆಂಗಸೊಬ್ಬಳು ಅಗಲವಾದ ಹಲಗೆಯ ಮೇಲೆ ಬಿಯರ್ ಪೀಪಾಯಿಗಳನ್ನು ಉರುಳಿಸಿ ಟ್ರೇಲರಿಗೆ ಹತ್ತಿಸುತ್ತಿದ್ದಳು. ಪೀಪಾಯಿ ನೋಯಬಾರದೆಂದು ಹಲಗೆಗೆ ರಬ್ಬರು ಹಾಸಿದ್ದರು! ಹರಿಣಾಕ್ಷಿ ಎರಡು ಮಾತಿನಲ್ಲಿ ವಿಷಯ ಹೇಳಿದಳು. ಆ ಹೆಂಗಸು ಗಡಿಯಾರ ನೋಡಿ, ಮೇಲಕ್ಕೆ ಎರಡೇ ನಿಮಿಷದ ದಾರಿ, ಬರುತ್ತೀರಾ ಎಂದಳು. ಪ್ರಶ್ನೆ ಮುಗಿಯುವ ಮೊದಲೇ ಹರಿಣಾಕ್ಷಿ ಹೂಂ ಅಂದಾಗಿತ್ತು.

ಅದೇ ಹಲಗೆಯ ಮೇಲೆ ಕುರ್ಚಿಯನ್ನು ಹತ್ತಿಸಿ, ಪೀಪಾಯಿಗಳ ನಡುವೆ ಬೆಲ್ಟು ಬಿಗಿದು ಕಟ್ಟಿದರು. ಮೇಲಿನಿಂದ ಮಕ್ಕಳು ಕೊಳಲು ಸರಿಮಾಡಿಕೊಳ್ಳುವ ಪೀಂಪೀಂ ಕೇಳತೊಡಗಿತು. ಆ ಹೆಂಗಸೇ ಚಾಲಕಿ, ಅವಳ ಪಕ್ಕ ಇನ್ನೊಂದು ಸೀಟು ಖಾಲಿಯಿತ್ತು. ಬೆವರಿನಲ್ಲಿ ತೊಯ್ದ ಜಯಕರ ಅದರ ಹತ್ತಿರ ಹೋಗಿ ನಿಂತ, ಮುಖದಲ್ಲಿ ಕರೆದರೆ ಬರುತ್ತೇನೆಂಬ ನಗು.

ಚಾಲಕಿ ಅವನನ್ನು ನೋಡಿದಳು. ಆಮೇಲೆ ಹಿಂದಕ್ಕೆ ತಿರುಗಿ ಹರಿಣಾಕ್ಷಿಯನ್ನು ಕೇಳಿದಳು, "ಇವರೂ ಬರಬೇಕೇ?"

"ಬೇಡ," ಎಂದಳು ಹರಿಣಾಕ್ಷಿ. "ಇವರಿಗೆ ನಡೆಯುವುದೇ ಇಷ್ಟ."