ಯೋಸೇಫನ ಅಂಗಿ

ಮೈದಾ ಅಂಟು ಕುದಿಯುವ ವಾಸನೆ ಬಂದರೆ ಈಗಲೂ ನನಗೆ ದೊಡ್ಡಬಳ್ಳಾಪುರದ ಆ ಬೇಸಿಗೆಯ ಮಧ್ಯಾಹ್ನ ನೆನಪಾಗುತ್ತದೆ.

ರಜೆಯಲ್ಲಿ ಪಕ್ಕದ ಮನೆಯ ರೀಟಾ ಮಿಸ್ ಬೀದಿಯ ಮಕ್ಕಳಿಗೆಲ್ಲ ಚರ್ಚಿನ ಜಗಲಿಯಲ್ಲಿ ಬೈಬಲ್ ಕತೆ ಹೇಳುತ್ತಿದ್ದರು. ಅಂದು ಯೋಸೇಫನ ಬಣ್ಣಬಣ್ಣದ ಅಂಗಿಯನ್ನು ರಟ್ಟಿನ ಮೇಲೆ ಮಾಡಬೇಕಿತ್ತು. ಸೀರೆ ಮಗ್ಗದಲ್ಲಿ ದುಡಿಯುತ್ತಿದ್ದ ಅಪ್ಪ ತಾವು ತಂದ ರೇಷ್ಮೆಯ ತುಂಡುಗಳನ್ನೆಲ್ಲ ತಂಗಿಯ ಕೈಗೇ ಕೊಟ್ಟಿದ್ದರು. ನಾನು ಕೇಳಿದ್ದಕ್ಕೆ, "ನೀನು ದೊಡ್ಡೋಳು ಕಣಮ್ಮ, ಪೇಪರ್‌ನಲ್ಲೇ ಮಾಡ್ಕೋ" ಅಂದಿದ್ದರು. ಹಳೆಯ ಕ್ಯಾಲೆಂಡರ್ ಹರಿದು ಅಂಟಿಸಿದೆ. ಕಾಗದ ಅಂಟಿಗೆ ನೆನೆದು ಸುಕ್ಕಾಯಿತು. ಜರಿ ಮಿನುಗುತ್ತಿದ್ದ ತಂಗಿಯ ಅಂಗಿಯನ್ನು ಮಿಸ್ ಎತ್ತಿ ಎಲ್ಲರಿಗೂ ತೋರಿಸಿದಾಗ ನನ್ನದನ್ನು ಬೆನ್ನ ಹಿಂದೆ ಬಚ್ಚಿಟ್ಟೆ.

ಆ ಅಂಗಿಯ ಮೇಲಿನ ಹೊಟ್ಟೆಕಿಚ್ಚಿಗೆ ಅಣ್ಣಂದಿರು ಯೋಸೇಫನನ್ನು ಗುಂಡಿಗೆ ತಳ್ಳಿದರೆಂದು ಹೇಳಿ ಮಿಸ್ ಕೇಳಿದರು, "ತಪ್ಪು ಯಾರ್ದು?"

"ಅಣ್ಣಂದಿರ್ದು!" ಎಂದು ಎಲ್ಲರೂ ಕೂಗಿದರು.

"ಅವರಪ್ಪಂದು," ಅಂದೆ ನಾನು. "ಒಬ್ಬನಿಗೇ ಯಾಕೆ ಅಂಗಿ ಹೊಲಿಸ್ಬೇಕಿತ್ತು?"

ನಮ್ಮನ್ನು ಕರೆದೊಯ್ಯಲು ಬಂದಿದ್ದ ಅಪ್ಪ ಮೆಟ್ಟಿಲ ಬಳಿಯೇ ನಿಂತಿದ್ದರು. ಹೊರಡುವಾಗ, ತಂಗಿ ದಿನವೂ ಕೂರುತ್ತಿದ್ದ ಸೈಕಲ್ಲಿನ ಮುಂದಿನ ಕಂಬಿಯ ಮೇಲೆ ನನ್ನನ್ನು ಕೂರಿಸಿದರು. ಹಿಂದೆ ಕ್ಯಾರಿಯರ್ ಮೇಲೆ ಕೂತ ತಂಗಿ ಮನೆ ಬರುವವರೆಗೂ ಅಳುತ್ತಿದ್ದಳು. ನಾನು ಒಮ್ಮೆಯೂ ತಿರುಗಿ ನೋಡಲಿಲ್ಲ.